ನಾಲ್ಕು ಚಕ್ರ ಇದ್ದ ಮಾತ್ರಕ್ಕೆ ಅದು ಆಟಿಕೆ ಅಲ್ಲ ಮಾರಾಯ್ರೆ!

ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ ಅಂತ ಗಾದೆ. ಹಾಗೇ ದುಬೈಗೆ ಬಂದವರು ಮರಳಿಗೆ ಬಾರದೇ ಇರೋದಿಲ್ಲ. ಅಪ್ಪ-ಅಮ್ಮ ವಿಸಿಟ್ ವೀಸಾದಲ್ಲಿ ಬಂದರೂ, ಪ್ರಾಜೆಕ್ಟ್ ಕೆಲಸಕ್ಕೆ ಅಂತ ಎರಡು ವಾರಕ್ಕೆ ಬಂದರೂ, ಹನಿಮೂನಿಗೆ ಬಂದರೂ ಒಂದು ಸಂಜೆ ಡೆಸರ್ಟ್ ಸಫಾರಿ ಇದ್ದೇ ಇರುತ್ತೆ. ವಾಪಸ್ ಹೋದ ಮೇಲೆ ಬ್ಲಾಗಿನಲ್ಲಿ ಒಂದು ಪ್ರವಾಸ ಕಥನವೂ ಇದ್ದೇ ಇರುತ್ತೆ. ಬುರ್ಜ್ ಖಲೀಫಾಕ್ಕೆ ಒಂದು ಪ್ಯಾರಾ, ಖರ್ಜೂರಕ್ಕೆ ಒಂದು ಪ್ಯಾರಾ, ಒಂಟೆಗೆ ಅರ್ಧ ಪ್ಯಾರಾ. ಆಮೇಲೆ ಬರುತ್ತೆ ನೋಡಿ ಆ ಮಾತು: ಕ್ವಾಡ್ ಬೈಕ್ ಓಡಿಸೋದು ತುಂಬಾ ಸುಲಭ, ಗೇರಿಲ್ಲ, ಕ್ಲಚ್ಚಿಲ್ಲ, ಬೀಳೋ ಭಯವೂ ಇಲ್ಲ, ಹೆಬ್ಬೆರಳಲ್ಲಿ ಒತ್ತಿದರೆ ಆಯ್ತು! ಕೆಳಗೊಂದು ಫೋಟೋ. ಸೀಟಿನ ಮೇಲೆ ಯಜಮಾನರು, ಹಿಂದೆ ಯಜಮಾನತಿ, ಮುಂದೆ ಟ್ಯಾಂಕಿನ ಮೇಲೆ ಐದು ವರ್ಷದ ಪುಟ್ಟಿ. ಮೂವರ ತಲೆ ಮೇಲೂ ಹೆಲ್ಮೆಟ್ ಇಲ್ಲ. ಅದಕ್ಕೆ ನಾವೆಲ್ಲ ಹೋಗಿ "ಸೂಪರ್ ಸಾರ್, ಪುಟ್ಟಿ ಸೋ ಕ್ಯೂಟ್" ಅಂತ ಕಾಮೆಂಟು ಹಾಕಿ ಬರ್ತೀವಿ.

ಇವತ್ತು ಆ ಒಂದು ಫೋಟೋ ಮೇಲೆ ಜಗಳ ಆಡೋಕೇ ಕೂತಿದ್ದೇನೆ. ಬೇಜಾರು ಮಾಡ್ಕೋಬೇಡಿ. ಮಾಡ್ಕೊಂಡರೂ ಪರವಾಗಿಲ್ಲ, ಓದಿ ಮುಗಿಸಿ ಮಾಡ್ಕೊಳ್ಳಿ.

ಮೊದಲೇ ಹೇಳಿಬಿಡ್ತೀನಿ, ಇದು ಕ್ವಾಡ್ ಕಂಡರಾಗದವನ ಬರಹ ಅಲ್ಲ. ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಕುಟ್ಟೋದು ಜಾವಾ ಕೋಡು. ಓದಿದ್ದು ಚೂರಾದರೂ ಉಪಯೋಗಕ್ಕೆ ಬರೋದು ರಜಾ ದಿನಗಳಲ್ಲಿ, ಮೂವರು ಗೆಳೆಯರು ಸೇರಿ ಕೊಂಡ ಹಳೇ ಯಮಹಾ ರ‍್ಯಾಪ್ಟರ್ 700ರ ಕೆಳಗೆ ಮಲಗಿದಾಗ ಮಾತ್ರ :-) ಅಕ್ಟೋಬರಿನಿಂದ ಏಪ್ರಿಲ್ ತನಕ ಬಿಸಿಲು ಸ್ವಲ್ಪ ಕರುಣೆ ತೋರಿಸುವಾಗ, ದುಬೈ-ಹತ್ತಾ ರಸ್ತೆಯಲ್ಲಿ ಸಿಗೋ ಅಲ್ ಬದಾಯರ್ ಕಡೆ ಹೋಗ್ತೀವಿ. ಅದು ಶಾರ್ಜಾ ಎಮಿರೇಟಿಗೆ ಸೇರಿದ ಜಾಗ. ಕಬ್ಬಿಣದ ಆಕ್ಸೈಡಿನಿಂದ ಕೆಂಪಗಾದ, ಸುಮಾರು 100 ಮೀಟರ್ ಎತ್ತರದ 'ಬಿಗ್ ರೆಡ್' ದಿಬ್ಬ ಇರೋದು ಅಲ್ಲೇ. ಬೆಳಗ್ಗೆ ಆರಕ್ಕೆ, ರಾತ್ರಿ ಗಾಳಿ ಹೊಸದಾಗಿ ಒರೆಸಿಟ್ಟ ಮರಳಿನ ಮೇಲೆ ಮೊದಲ ಗೆರೆ ಎಳೆಯೋ ಸುಖ ಇದೆಯಲ್ಲ, ಅದನ್ನು ಬರೆಯೋ ಶಕ್ತಿ ನನಗಿಲ್ಲ. ಆ ಸುಖ ಎಲ್ಲರಿಗೂ ಸಿಗಲಿ. ನನ್ನ ತಕರಾರು ಒಂದೇ: ಬಾಡಿಗೆಗೆ ಕೊಡೋರು, ಚೌಕಾಸಿ ಮಾಡಿ ಹತ್ತೋರು, ಅದನ್ನು ಚಂದ ಮಾಡಿ ಬರೆಯೋರು, ಈ ಮೂವರೂ ಸೇರಿ ಒಂದು ಯಂತ್ರವನ್ನು ಜಾತ್ರೆಯ ಮರಗುದುರೆ ಮಾಡಿಬಿಟ್ಟಿದ್ದೇವೆ.

"ಊರಲ್ಲಿ ಟ್ರಿಪಲ್ ಹೊಡೆದೋರು ನಾವು!"

ಹೆಲ್ಮೆಟ್ ಹಾಕ್ಕೊಳ್ಳಿ, ಒಬ್ಬರೇ ಹೋಗಿ ಅಂದಾಗ ಬರೋ ಮೊದಲ ಉತ್ತರ ಇದು. ನಿಜ, ನಾವೆಲ್ಲ ಒಂದು ಬಜಾಜ್ ಚೇತಕ್ ಮೇಲೆ ಇಡೀ ಸಂಸಾರ ಸಾಗಿಸಿದ ಅಪ್ಪಂದಿರ ಮಕ್ಕಳೇ. ಆದರೆ ಇಲ್ಲಿ ಆ ಅನುಭವ ಉಪಯೋಗಕ್ಕೆ ಬರೋದಿಲ್ಲ, ಸಾಲದ್ದಕ್ಕೆ ಕೈ ಕೊಡುತ್ತೆ. ಹೇಗೆ ಅಂತ ಕೇಳಿ.

ಬೈಕು ತಿರುವಿನಲ್ಲಿ ವಾಲುತ್ತೆ, ಅದರ ಜತೆ ನೀವೂ ವಾಲುತ್ತೀರಿ. ಕ್ವಾಡ್ ವಾಲೋದಿಲ್ಲ. ಅದು ಒಳಕ್ಕೆ ತಿರುಗುತ್ತೆ, ನಿಮ್ಮನ್ನು ಹೊರಕ್ಕೆ ದಬ್ಬುತ್ತೆ. ಮೇಲಾಗಿ ಸ್ಪೋರ್ಟ್ ಕ್ವಾಡ್‌ಗಳಲ್ಲಿ ಹಿಂದಿನ ಎರಡು ಚಕ್ರಕ್ಕೂ ಒಂದೇ ಗಟ್ಟಿ ಆಕ್ಸಲ್, ನಡುವೆ ಡಿಫರೆನ್ಷಿಯಲ್ ಇಲ್ಲ. ಎರಡೂ ಒಂದೇ ವೇಗದಲ್ಲಿ ಸುತ್ತುವುದರಿಂದ ಗಾಡಿ ನೇರ ಹೋಗೋಕೇ ನೋಡುತ್ತೆ. ಅದನ್ನು ತಿರುಗಿಸೋದು ಹ್ಯಾಂಡಲ್ ಒಂದೇ ಅಲ್ಲ, ನಿಮ್ಮ ಮೈ ತೂಕ. ತಿರುವಿಗೆ ಒಳಗಡೆ ಸರೀಬೇಕು, ದಿಬ್ಬ ಹತ್ತುವಾಗ ಮುಂದಕ್ಕೆ ಬಗ್ಗಬೇಕು, ಇಳಿಯುವಾಗ ಹಿಂದಕ್ಕೆ ಜರುಗಬೇಕು. ಆ ಉದ್ದನೆಯ ಸೀಟು ಇರೋದು ಅದಕ್ಕೆ! ಇನ್ನೊಬ್ಬರನ್ನು ಕೂರಿಸೋಕಲ್ಲ, ಒಬ್ಬನೇ ಸವಾರ ಹಿಂದೆ ಮುಂದೆ ಓಡಾಡೋಕೆ. ಹಿಂದೆ ಹೆಂಡತಿ, ಮುಂದೆ ಮಗು ಕೂತರೆ ನೀವು ಎಲ್ಲಿಗೆ ಸರೀತೀರಿ? ಚಾಲಕ ಅನ್ನೋ ಹೆಸರು ನಿಮ್ಮದು, ಗಾಡಿ ಹೋಗೋದು ಮಾತ್ರ ಅದರ ಇಷ್ಟದಂತೆ.

ಎರಡನೇದು ಕಾಲು. ಬೈಕ್ ವಾಲಿತು ಅಂದಕೂಡಲೇ ಕಾಲು ತಾನಾಗೇ ನೆಲಕ್ಕೆ ಹೋಗುತ್ತೆ, ಹದಿನೆಂಟನೇ ವಯಸ್ಸಿಂದ ಅಭ್ಯಾಸ ಆಗಿರೋದೇ ಹಾಗೆ. ಕ್ವಾಡಿನಲ್ಲಿ ಕಾಲು ಕೆಳಗಿಟ್ಟರೆ ಅದರ ನೇರ ಹಿಂದೆ ಇರೋದು ಹಿಂದಿನ ಚಕ್ರ. ನನ್ನ ಜತೆ ಕೆಲಸ ಮಾಡೋ ಹುಡುಗನೊಬ್ಬ, ಬೆಂಗಳೂರಲ್ಲಿ ಏಳು ವರ್ಷ ಪಲ್ಸರ್ ಓಡಿಸಿದವನು, ಇಪ್ಪತ್ತು ನಿಮಿಷದ ಬಾಡಿಗೆಯಲ್ಲಿ ಮಾಡಿದ್ದು ಇದನ್ನೇ. ಗಾಡಿ ಪಕ್ಕಕ್ಕೆ ಜಾರಿತು, ಕಾಲು ಇಟ್ಟ, ಚಕ್ರ ಕಾಲಿನ ಮೇಲೆ ಹತ್ತಿತು. ಗಿಣ್ಣಿನ ಮೂಳೆ ಎರಡು ಕಡೆ ಮುರಿದು, ಪ್ಲೇಟು ಸ್ಕ್ರೂ ಹಾಕಿಸಿಕೊಂಡು, ಮೂರು ತಿಂಗಳು ಮನೆಯಿಂದ ಕೆಲಸ. "ಕಾಲು ಕೆಳಗಿಡಬೇಡ" ಅನ್ನೋ ಎರಡು ಪದಗಳನ್ನು ಹತ್ತೋ ಮುಂಚೆ ಅವನಿಗೆ ಯಾರೂ ಹೇಳಿರಲಿಲ್ಲ. ಸಹಿ ಹಾಕಿಸ್ಕೊಂಡ ಕಾಗದದಲ್ಲಿ ಮಾತ್ರ, ಏನಾದರೂ ನಮ್ಮ ಜವಾಬ್ದಾರಿ ಅಲ್ಲ ಅಂತ ಒಂದು ಪುಟ ಇತ್ತು. ಸಾಫ್ಟ್‌ವೇರಿನವರು ನಾವು, 'ಐ ಅಗ್ರೀ' ಗುಂಡಿಯನ್ನು ಓದದೇ ಒತ್ತೋ ಜಾತಿ. ಅಲ್ಲೂ ಹಾಗೇ ಮಾಡ್ತೀವಿ.

ಮೂರನೇದು ತೂಕ. ಬೈಕ್ ಬಿದ್ದರೆ ಸಾಮಾನ್ಯವಾಗಿ ಅದೊಂದು ಕಡೆ, ನೀವೊಂದು ಕಡೆ. ಕ್ವಾಡ್ ಮಗುಚಿದರೆ ಅದು ಬರೋದು ನಿಮ್ಮ ಮೇಲೇ. ನಮ್ಮ ರ‍್ಯಾಪ್ಟರ್ ತೂಕ ಸುಮಾರು 190 ಕೆಜಿ. ಎರಡು ಅಡಿಕೆ ಮೂಟೆ ಹೊತ್ತು ಅಭ್ಯಾಸ ಇದ್ದವರು ಊಹಿಸ್ಕೊಳ್ಳಿ. ಟ್ಯಾಂಕಿನ ಮೇಲೆ ಕೂತ ಐದು ವರ್ಷದ ಪುಟ್ಟಿ ಇದಕ್ಕೂ ಮುಂದೆ ಇರ್ತಾಳೆ, ಹ್ಯಾಂಡಲ್ಲಿಗೂ ನಿಮ್ಮ ಎದೆಗೂ ನಡುವೆ. ಮುಂದಿನದನ್ನು ನಾನು ಬರೆಯೋದಿಲ್ಲ.

ಇದನ್ನು ಲೋಕ ಯಾವತ್ತೋ ಕಲಿತಾಗಿದೆ

1970ರಲ್ಲಿ ಹೊಂಡಾ ಕಂಪನಿ ಬಲೂನಿನಂಥ ಟೈರು ಹಾಕಿದ ಮೂರು ಚಕ್ರದ ಗಾಡಿಯನ್ನು ಅಮೆರಿಕಕ್ಕೆ ತಂತು. ಮಜಾ ಅಂದರೆ ಮಜಾ. 1971ರ ಜೇಮ್ಸ್ ಬಾಂಡ್ ಸಿನಿಮಾದಲ್ಲೂ ಅದು ಕಾಣಿಸಿಕೊಂಡಿತು. ಮನೆ ಮನೆಗೆ ಹೋಯ್ತು, ಮಕ್ಕಳ ಕೈಗೂ ಹೋಯ್ತು, ಜನ ಸಾಯೋಕೆ ಶುರುವಾದರು. ಕೊನೆಗೆ 1988ರಲ್ಲಿ ದೊಡ್ಡ ಕಂಪನಿಗಳೆಲ್ಲ ಅಲ್ಲಿನ ಸರ್ಕಾರದ ಜತೆ ಕೋರ್ಟಿನಲ್ಲಿ ಒಪ್ಪಂದ ಮಾಡಿಕೊಂಡು ಹೊಸ ಮೂರು ಚಕ್ರದ ಗಾಡಿ ಮಾರೋದನ್ನು ನಿಲ್ಲಿಸಿದವು. ನಾಲ್ಕು ಚಕ್ರದ ಗಾಡಿಗಳ ಮೇಲೂ ಎಚ್ಚರಿಕೆಯ ಸ್ಟಿಕ್ಕರುಗಳು ಬಂದವು: 16 ವರ್ಷದೊಳಗಿನವರಿಗೆ ದೊಡ್ಡ ಗಾಡಿ ಕೊಡಬೇಡಿ, ಒಬ್ಬರ ಗಾಡಿಯಲ್ಲಿ ಇನ್ನೊಬ್ಬರನ್ನು ಕೂರಿಸಬೇಡಿ. ಮುಂದೆ 2008ರ ಕಾನೂನು ಹೊಸ ಮೂರು ಚಕ್ರದ ಗಾಡಿಗಳನ್ನು ಪೂರ್ತಿ ನಿಷೇಧಿಸಿತು.

ನಾಲ್ಕನೇ ಚಕ್ರ ಬಂದ ಮೇಲೂ ಕಥೆ ಮುಗೀಲಿಲ್ಲ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಲೆಕ್ಕದಲ್ಲಿ ಇಂಥ ಎಲ್ಲಾ ಬಗೆಯ ಆಫ್‌ರೋಡ್ ಗಾಡಿಗಳಿಂದ ಅಲ್ಲಿ ವರ್ಷಕ್ಕೆ ಸರಾಸರಿ 700ಕ್ಕೂ ಹೆಚ್ಚು ಸಾವು, ಸುಮಾರು ಒಂದು ಲಕ್ಷ ಗಾಯ. ಆಸ್ಟ್ರೇಲಿಯಾದಲ್ಲಿ ಹೊಲ-ತೋಟದ ಕೆಲಸಕ್ಕೆ ಬಳಸೋ ಹೊಸ ಕ್ವಾಡ್‌ಗಳಿಗೆ, ಉರುಳಿದರೆ ಸವಾರ ಜಜ್ಜಿಹೋಗದಂತೆ ಒಂದು ಚೌಕಟ್ಟು ಇರಲೇಬೇಕು ಅಂತ 2021ರ ಅಕ್ಟೋಬರಿನಿಂದ ಕಡ್ಡಾಯ ಮಾಡಿದರು. ಕೆಲವು ಕಂಪನಿಗಳು ಒಪ್ಪದೆ, ಸವಾರನಿಗೆ ತರಬೇತಿ ಮುಖ್ಯ, ಚೌಕಟ್ಟಲ್ಲ ಅಂತ ವಾದ ಮಾಡಿದವು. ಅವರ ಜಗಳದಲ್ಲಿ ಯಾರು ಸರಿ ಅನ್ನೋದು ಪಕ್ಕಕ್ಕಿರಲಿ. ಎರಡೂ ಕಡೆಯವರು ಒಪ್ಪೋ ಮಾತು ಒಂದಿದೆಯಲ್ಲ: ಕಲಿಯದವನ ಕೈಗೆ ಸುಮ್ಮನೆ ಕೊಡೋ ಸಾಮಾನು ಇದಲ್ಲ. ಅದನ್ನೇ ನಾವು ಗೇರಿಲ್ಲ, ಕ್ಲಚ್ಚಿಲ್ಲ, ಸುಲಭ ಅಂತ ಕನ್ನಡದಲ್ಲಿ ಬರೀತಾ ಇದ್ದೇವೆ.

ಮರಳು ರಸ್ತೆ ಅಲ್ಲ

ದಿಬ್ಬ ಅಂದರೆ ಎರಡೂ ಕಡೆ ಒಂದೇ ಥರ ಇಳಿಜಾರಿರೋ ಗುಡ್ಡ ಅಂದ್ಕೊಳ್ತೀವಿ. ಗಾಳಿ ಬರೋ ಕಡೆ ನಿಧಾನವಾದ ಏರು, 10-15 ಡಿಗ್ರಿ ಇರಬಹುದು. ಆ ಕಡೆ ಮರಳು ತಾನಾಗೇ ಜಾರಿ ನಿಂತ ಮುಖ, 30 ಡಿಗ್ರಿ ಮೀರಿ 34ರ ತನಕ. ಅಂದರೆ ನೀವು ಹಾಯಾಗಿ ಹತ್ತುತ್ತಾ ಇರುತ್ತೀರಿ, ನೆತ್ತಿ ಬರುತ್ತೆ, ಅದರಾಚೆ ನೆಲವೇ ಇರೋದಿಲ್ಲ. ಮಧ್ಯಾಹ್ನ ಆದರಂತೂ ನೆರಳಿಲ್ಲದೆ ಎಲ್ಲಾ ಒಂದೇ ಬಣ್ಣ, ಹಳ್ಳ ಯಾವುದು ಏರು ಯಾವುದು ಕಣ್ಣಿಗೆ ಸಿಗೋದೇ ಇಲ್ಲ. ನಿನ್ನೆ ಇದ್ದ ದಾರಿ ಗಾಳಿ ಬೀಸಿದ ಮೇಲೆ ಇವತ್ತು ಇರಬೇಕು ಅಂತಿಲ್ಲ.

ನೆತ್ತಿಯ ಆಚೆಯಿಂದ ಇನ್ನೊಬ್ಬ ಇದೇ ವೇಗದಲ್ಲಿ ಬರ್ತಾ ಇರಬಹುದು. ಅದಕ್ಕೇ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಮರಳುದಿಬ್ಬಗಳಲ್ಲಿ ನೆಲದಿಂದ 8 ಅಡಿ ಎತ್ತರಕ್ಕೆ ಬಾವುಟ ಕಟ್ಟಿದ ಕೋಲಿಲ್ಲದೆ ಗಾಡಿ ಇಳಿಸೋ ಹಾಗಿಲ್ಲ. ಗಾಡಿ ಕಾಣದಿದ್ದರೂ ದಿಬ್ಬದ ಆಚೆ ಬಾವುಟ ಕಾಣುತ್ತೆ. ತೇರಿನ ಕಳಸ ಮೊದಲು ಕಂಡ ಹಾಗೆ. ಒಂದು ಕೋಲು, ಒಂದು ಬಟ್ಟೆ ಚೂರು, ಅಷ್ಟೇ ಖರ್ಚು. ಆದರೂ ಇಲ್ಲಿ ಎಷ್ಟೋ ಬಾಡಿಗೆ ಗಾಡಿಗಳಲ್ಲಿ ಅದಿರೋದಿಲ್ಲ. ಬಣ್ಣ ಬಣ್ಣದ ಎಲ್‌ಇಡಿ ದೀಪ ಮಾತ್ರ ಇರುತ್ತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಏರ್ ಫಿಲ್ಟರ್ ಅನ್ನೋ ಜಾತಕ

ಇನ್ನು ನನ್ನ ಪ್ರೀತಿಯ ವಿಷಯಕ್ಕೆ ಬರ್ತೀನಿ. ಒಂದು ಬಾಡಿಗೆ ಅಂಗಡಿ ಒಳ್ಳೇದೋ ಕೆಟ್ಟದ್ದೋ ಅಂತ ತಿಳಿಯೋಕೆ ಸೀಟು ಎತ್ತಿ ಏರ್ ಫಿಲ್ಟರ್ ನೋಡಿದರೆ ಸಾಕು.

ಸಣ್ಣ ಲೆಕ್ಕ. ನಮ್ಮ ಗಾಡಿಯ ಎಂಜಿನ್ 686 ಸಿಸಿ. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೊಮ್ಮೆ ಉಸಿರು ಎಳೆಯುತ್ತೆ. ನಿಮಿಷಕ್ಕೆ 6000 ಸುತ್ತು ಅಂದರೆ 3000 ಉಸಿರು, ಲೆಕ್ಕದ ಪ್ರಕಾರ ಸುಮಾರು 2000 ಲೀಟರ್ ಗಾಳಿ. ಊರಲ್ಲಿ ಮನೆ ಮೇಲಿಡ್ತೀವಲ್ಲ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು, ಅಂಥವು ಎರಡು, ಪ್ರತಿ ನಿಮಿಷಕ್ಕೆ! ಆ ಗಾಳಿ ಬರೋದು ಮುಂದಿನ ಗಾಡಿ ಎಬ್ಬಿಸಿದ ಧೂಳಿನಿಂದ. ಮರಳಿನಲ್ಲಿರೋ ಕ್ವಾರ್ಟ್ಜಿನ ಗಡಸುತನ ಮೋಸ್ ಅಳತೆಯಲ್ಲಿ 7, ಅಲ್ಯೂಮಿನಿಯಂದು 3 ಕೂಡ ಇಲ್ಲ. ಒಂದು ಚಿಟಿಕೆ ಒಳಗೆ ಹೋದರೆ ಪಿಸ್ಟನ್ನು, ರಿಂಗು, ಸಿಲಿಂಡರು ಎಲ್ಲಾ ಉಜ್ಜುಗಲ್ಲಿಗೆ ಹಾಕಿದ ಹಾಗೆ ಸವೆಯುತ್ತೆ.

ಇದರ ನಡುವೆ ಇರೋ ಒಂದೇ ಗೋಡೆ, ಎಣ್ಣೆ ಹಚ್ಚಿದ ಒಂದು ಸ್ಪಂಜು. ಮರಳಿಗೆ ಇಳಿದ ಪ್ರತಿ ದಿನದ ಕೊನೆಗೆ ಅದನ್ನು ಬಿಚ್ಚಬೇಕು, ಕ್ಲೀನರಿನಲ್ಲೋ ಸೋಪಿನ ನೀರಿನಲ್ಲೋ ತೊಳೀಬೇಕು, ಅದುಮಿ ನೀರು ತೆಗೀಬೇಕು (ಬಟ್ಟೆ ಹಿಂಡಿದ ಹಾಗೆ ಹಿಂಡಿದರೆ ಹರಿದುಹೋಗುತ್ತೆ), ಪೂರ್ತಿ ಒಣಗಿಸಬೇಕು, ಮತ್ತೆ ಎಣ್ಣೆ ಹಚ್ಚಿ, ಅಂಚಿಗೆ ಗ್ರೀಸ್ ಬಳಿದು ಕೂರಿಸಬೇಕು. ಆಮೇಲೆ ಫಿಲ್ಟರಿನ ಆಚೆ ಬದಿಯ ರಬ್ಬರ್ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಸವರಬೇಕು. ಬಟ್ಟೆಗೆ ಒಂದೇ ಒಂದು ಕಣ ಮರಳು ಅಂಟಿದರೂ ಎಲ್ಲೋ ಸೋರುತ್ತಿದೆ ಅಂತ ಅರ್ಥ.

"ಎಂಜಿನ್ ಹಾಳಾದರೆ ಅಂಗಡಿಯವನದ್ದು ಹೋಯ್ತು, ನಿಂಗೇನಯ್ಯಾ?" ಅಂತೀರಿ. ಸರಿಯಾದ ಪ್ರಶ್ನೆ. ದಿಬ್ಬದ ಮುಕ್ಕಾಲು ಹತ್ತಿದಾಗ ಎಂಜಿನ್ ಉಸಿರು ಬಿಟ್ಟರೆ ಗಾಡಿ ನಿಲ್ಲುತ್ತೆ, ಆಮೇಲೆ ಹಿಂದಕ್ಕೆ ಉರುಳುತ್ತೆ, ಗಾಬರಿಯಲ್ಲಿ ಬ್ರೇಕ್ ಹಿಡಿದರೆ ಹಿಂದಕ್ಕೇ ಪಲ್ಟಿ. ಗೊತ್ತಿದ್ದವನು ಶಕ್ತಿ ಕುಂದುತ್ತಿದೆ ಅನ್ನಿಸಿದ ತಕ್ಷಣ, ನಿಲ್ಲೋಕೆ ಮುಂಚೆಯೇ ತಿರುಗಿಸಿಕೊಂಡು ನೇರ ಕೆಳಗೆ ಇಳಿಸ್ತಾನೆ. ಹದಿನೈದು ನಿಮಿಷದ ಸವಾರನಿಗೆ ಅದು ಹೇಗೆ ಗೊತ್ತಾಗಬೇಕು?

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅಂಗಡಿಯವನಿಗೆ ದುಡ್ಡು ತರೋ ವಸ್ತು ಎಂಜಿನ್. ಅದರ ಫಿಲ್ಟರನ್ನೇ ತೊಳೆಯದವನು ನಿಮ್ಮ ಹೆಲ್ಮೆಟ್ಟಿನ ಪಟ್ಟಿ ನೋಡ್ತಾನಾ? ಆಕ್ಸಿಲರೇಟರ್ ಕೇಬಲ್ಲಿಗೆ ಮರಳು ಸೇರಿ ಒತ್ತಿದ್ದು ಹಾಗೇ ಸಿಕ್ಕಿಹಾಕಿಕೊಳ್ಳುತ್ತಾ ಅಂತ ನೋಡ್ತಾನಾ? ಮುಂದಿನ ಚಕ್ರದ ಬಾಲ್ ಜಾಯಿಂಟ್ ಅಲ್ಲಾಡ್ತಾ ಇದೆಯಾ, ನಟ್ಟು ಬಿಗಿ ಇದೆಯಾ, ಟೈರಿನಲ್ಲಿ ಎಷ್ಟು ಗಾಳಿ ಇದೆ ಅಂತ ನೋಡ್ತಾನಾ? (ಕ್ವಾಡಿನ ಟೈರಿಗೆ ಮರಳಿನಲ್ಲಿ 4-5 ಪಿಎಸ್‌ಐ ಸಾಕು, ಕಾರಿನಲ್ಲಿ 30ರ ಮೇಲೆ. ಕಾರಿನ ಗೇಜಿನಲ್ಲಿ ಇದನ್ನು ಅಳೆಯೋದು ತೆಂಗಿನಕಾಯಿ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ.) ಬಿದ್ದರೆ ಎಂಜಿನ್ ನಿಲ್ಲಿಸೋಕೆ ಅಂತ ಮಣಿಕಟ್ಟಿಗೆ ಕಟ್ಟಿಕೊಳ್ಳೋ ಒಂದು ಸುರುಳಿ ದಾರ ಇರುತ್ತೆ. ಅದನ್ನು ಗಾಡಿಗೇ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿ ಇಟ್ಟಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ದೇವರ ಕೈಗೆ ಕಟ್ಟಿದ ಕಂಕಣದ ಥರ, ಅಲಂಕಾರಕ್ಕೆ.

ತಪ್ಪು ಯಾರದ್ದು?

ಅಲ್ಲಿ ಕೆಲಸ ಮಾಡೋ ಹುಡುಗರನ್ನು ಬೈಯೋದು ಸುಲಭ. ಕೇರಳದವರು, ಪಾಕಿಸ್ತಾನದವರು, ಬಾಂಗ್ಲಾದವರು. ಬಿಸಿಲಲ್ಲಿ ನಿಂತು, ಒಂದು ಗಾಡಿ ಬರ್ತಾ ಇದ್ದ ಹಾಗೆ ಇನ್ನೊಬ್ಬ ಗಿರಾಕಿಯನ್ನು ಹತ್ತಿಸಬೇಕು. ಫಿಲ್ಟರ್ ತೊಳೆಯೋಕೆ ಒಂದು ಗಂಟೆ ಗಾಡಿ ನಿಲ್ಲಿಸೋ ಅಧಿಕಾರ ಅವರ ಕೈಯಲ್ಲಿಲ್ಲ. ಅದು ಮಾಲೀಕನ ಕೈಯಲ್ಲಿದೆ. ಮಾಲೀಕ ನೋಡೋದು ಗಿರಾಕಿ ಏನು ಕೇಳ್ತಾನೆ ಅಂತ. ಗಿರಾಕಿ ಏನು ಕೇಳ್ತಾನೆ?

ಗಿರಾಕಿ ಕೇಳೋದು, "ಇಬ್ಬರೂ ಒಂದೇ ಗಾಡೀಲಿ ಹೋಗ್ತೀವಿ, ಕಮ್ಮಿ ಮಾಡ್ಕೊಳ್ಳಿ ಭಾಯ್." ಮಗು ಫ್ರೀ ಅಲ್ವಾ ಅಂತ. ಹೆಲ್ಮೆಟ್ ಹಾಕಿದರೆ ಫೋಟೋದಲ್ಲಿ ಮುಖ ಕಾಣಲ್ಲ ಅಂತ. ಇದನ್ನು ನಾನು ಹಿಂದಿಯಲ್ಲೂ ಕೇಳಿದ್ದೇನೆ, ಇಂಗ್ಲಿಷಿನಲ್ಲೂ ಕೇಳಿದ್ದೇನೆ, ಅಚ್ಚ ಕನ್ನಡದಲ್ಲೂ ಕೇಳಿದ್ದೇನೆ. ಹತ್ತು ದಿರ್ಹಂ ಉಳಿಸಿದ ಖುಷಿ ಕನ್ನಡದಲ್ಲಿ ಇನ್ನೂ ಜೋರಾಗಿ ಕೇಳುತ್ತೆ!

"ಎಲ್ಲದಕ್ಕೂ ಹೆದರಿಸ್ತೀಯಲ್ಲ, ಹೀಗಾದರೆ ಮನೆಯಲ್ಲೇ ಕೂರಬೇಕು" ಅನ್ನೋರಿಗೆ ನನ್ನ ಉತ್ತರ: ಇಲ್ಲ, ಬನ್ನಿ. ಇನ್ನೂ ಚೆನ್ನಾಗಿ ಬನ್ನಿ. ಇಬ್ಬರು ಮೂವರು ಒಟ್ಟಿಗೆ ಹೋಗಲೇಬೇಕು ಅಂದರೆ ಅಕ್ಕಪಕ್ಕ ಸೀಟು, ಬೆಲ್ಟು, ಸುತ್ತ ಕಬ್ಬಿಣದ ಪಂಜರ ಇರೋ ಬಗ್ಗಿ ಸಿಗುತ್ತೆ, ಅದು ಮಾಡಿರೋದೇ ಜೊತೆಗೆ ಹೋಗೋಕೆ. ಕಾಲು ನೆಲ ಮುಟ್ಟದಷ್ಟು ಸಣ್ಣ ಮಕ್ಕಳನ್ನು ಅದರಲ್ಲೂ ಕೂರಿಸಬೇಡಿ, ಅವರಿಗೆ ಒಂಟೆ ಇದೆ, ಮರಳಿದೆ, ಮನೆ ಕಟ್ಟಿ ಆಡಲಿ.

"ಬರೀ ಹದಿನೈದು ನಿಮಿಷಕ್ಕೆ ಇಷ್ಟೆಲ್ಲ ಬೇಕಾ?" ಅಂತ ಇನ್ನೊಂದು ಪ್ರಶ್ನೆ. ಹದಿನೈದು ನಿಮಿಷ ಮಾತ್ರ ಗೊತ್ತಿರೋರಿಗೇ ಬೇಕು. ವರ್ಷಾನುಗಟ್ಟಲೆ ಓಡಿಸುವವನು ಎದೆಕವಚ, ಬೂಟು, ಕನ್ನಡಕ ಎಲ್ಲಾ ಹಾಕ್ಕೊಂಡು ಹತ್ತುತ್ತಾನೆ, ಏನೂ ಗೊತ್ತಿಲ್ಲದವನು ಚಡ್ಡಿ-ಚಪ್ಪಲಿಯಲ್ಲಿ ಹತ್ತುತ್ತಾನೆ. ಇದು ಉಲ್ಟಾ ಅಂತ ನಿಮಗೇ ಅನ್ನಿಸಲ್ವಾ?

ಹಾಗಾದ್ರೆ ಏನು ಮಾಡಬೇಕು?

ಹತ್ತೋ ಮುಂಚೆ ಎರಡು ನಿಮಿಷ ತಗೊಳ್ಳಿ. ಗದ್ದಕ್ಕೆ ಪಟ್ಟಿ ಬಿಗಿಯೋ ಹೆಲ್ಮೆಟ್ ಕೇಳಿ, ಇಲ್ಲದಿದ್ದರೆ ಬೇರೆ ಅಂಗಡಿಗೆ ನಡೀರಿ. ಎಂಜಿನ್ ಬಂದ್ ಇರುವಾಗ ಹ್ಯಾಂಡಲ್ಲನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ಹೆಬ್ಬೆರಳಿನ ಲಿವರ್ ಒತ್ತಿ ಬಿಡಿ, ಎರಡೂ ಕಡೆ ಟಕ್ ಅಂತ ವಾಪಸ್ ಬರಬೇಕು. ಆ ಲಿವರಿನ ಹತ್ತಿರ ವೇಗ ಮಿತಿ ಮಾಡೋ ಒಂದು ಸಣ್ಣ ಸ್ಕ್ರೂ ಬಹಳ ಗಾಡಿಗಳಲ್ಲಿರುತ್ತೆ, ಹೊಸಬರಿಗೆ ಅದನ್ನು ಬಿಗಿ ಮಾಡಿಕೊಡಿ ಅಂತ ಕೇಳೋಕೆ ನಾಚಿಕೆ ಬೇಡ. ಸುರುಳಿ ದಾರ ಮಣಿಕಟ್ಟಿಗೆ. ಬಾವುಟ ಇದೆಯಾ ನೋಡಿ. ಪಾದ ಎರಡೂ ಸದಾ ಫುಟ್‌ರೆಸ್ಟಿನ ಮೇಲೆ. ನೆತ್ತಿಗೆ ಬಂದಾಗ ನಿಧಾನ, ಆಚೆ ಏನಿದೆ ಅಂತ ನೋಡಿ ಇಳಿಯೋದು, ಇಳಿದರೆ ನೇರ ಇಳಿಯೋದು, ಅಡ್ಡಡ್ಡ ಅಲ್ಲ. ಒಂದು ಗಾಡಿಗೆ ಒಂದು ಜೀವ.

ಕೊನೆಗೆ ಆ ಸೀಟು ಎತ್ತಿ ಏರ್ ಫಿಲ್ಟರ್ ತೋರಿಸಿ ಅಂತ ಕೇಳಿ. ನಗ್ತಾರೆ, ನಗಲಿ. ಹತ್ತು ಜನ ಕೇಳಿದರೆ ಹನ್ನೊಂದನೆಯವನು ಕೇಳೋ ಮೊದಲು ತೊಳೆದಿಟ್ಟಿರುತ್ತಾರೆ. ಬೆಂಗಳೂರಿನ ಸುತ್ತಮುತ್ತಲ ರೆಸಾರ್ಟುಗಳಲ್ಲೂ ಈಗ ಕ್ವಾಡ್ ಬಾಡಿಗೆಗೆ ಸಿಗುತ್ತೆ, ಅಲ್ಲೂ ಇದೇ ಪ್ರಶ್ನೆ ಕೇಳಿ. ಅಲ್ಲಿ ಮರಳಿಲ್ಲ, ಕೆಂಪು ಮಣ್ಣಿನ ಧೂಳಿದೆ. ಮಗುಚಿ ಬಿದ್ದರೆ ಆ ಗಾಡಿಯ ತೂಕ ಏನೂ ಕಮ್ಮಿ ಆಗಲ್ಲ.

ಬ್ಲಾಗ್ ಬರೆಯೋ ಗೆಳೆಯ ಗೆಳತಿಯರೇ, ನಿಮ್ಮಲ್ಲಿ ಕೇಳೋದು ಇಷ್ಟೇ. ಮುಂದಿನ ಸಲ ದುಬೈ ಪ್ರವಾಸ ಕಥನ ಬರೆಯುವಾಗ ಒಂಟೆಗೆ ಕೊಟ್ಟ ಅರ್ಧ ಪ್ಯಾರಾದಷ್ಟು ಜಾಗ ಇದಕ್ಕೂ ಕೊಡಿ. ಓಡಿಸೋದು ಸುಲಭ ಅಂತ ಬರೀಬೇಡಿ, ಯಾಕಂದ್ರೆ ನಿಮ್ಮನ್ನು ನಂಬಿ ಓದೋರು ಮುಂದಿನ ತಿಂಗಳು ಅದೇ ಗಾಡಿ ಹತ್ತುತ್ತಾರೆ, ಮಗುವನ್ನು ಮುಂದೆ ಕೂರಿಸಿಕೊಂಡು. ಟ್ಯಾಂಕಿನ ಮೇಲಿನ ಮಗುವಿನ ಫೋಟೋ ಹಾಕಬೇಡಿ. ಬೇರೆಯವರು ಹಾಕಿದ್ದು ಕಂಡರೆ "ಸೋ ಕ್ಯೂಟ್" ಅನ್ನೋ ಬದಲು "ಹೆಲ್ಮೆಟ್ ಎಲ್ಲಿ ಸಾರ್?" ಅಂತ ಒಂದು ಸಾಲು ಹಾಕಿ ಬನ್ನಿ. ಸಿಟ್ಟು ಮಾಡ್ಕೊಳ್ತಾರೆ, ನಿಮ್ಮ ಬ್ಲಾಗಿಗೆ ಬರೋದು ಬಿಡಬಹುದು. ಹಿಟ್ಸ್ ನಾಲ್ಕು ಕಮ್ಮಿಯಾದರೆ ಆಗಲಿ ಬಿಡಿ.

ಬೈಯೋರು ಕೆಳಗೆ ಬೈಯಬಹುದು, ಕಾಮೆಂಟ್ ಪೆಟ್ಟಿಗೆ ತೆರೆದೇ ಇದೆ. ಫಿಲ್ಟರ್ ತೊಳೆಯೋದು ಕಲೀಬೇಕು ಅನ್ನೋರು ರಜಾ ದಿನ ಹಳೇ ಬಟ್ಟೆ ಹಾಕ್ಕೊಂಡು ನಮ್ಮನೆಗೆ ಬನ್ನಿ, ಚಹಾ ನನ್ನದು, ಸೋಪಿನ ನೀರು ನಿಮ್ಮದು :-)